ಎಲ್ಲಿ ನಿಂತು ನೋಡಿದ್ದು

ನಾನು ನಿಂತಿದ್ದದ್ದು ಮೇಷ್ಟ್ರ ಕುರ್ಚಿಯ ಹಿಂದೆ, ಬಲ ಹೆಗಲಿನ ಪಕ್ಕದಲ್ಲಿ. ಜಾಗ, ಬಿಟ್ಟಂಗಾಲದ ಅವರ ಮನೆಯ ಜಗಲಿ. ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ. ಹಿಂದಿನ ವಾರದ ಮಳೆಗೆ ತೋಟಗಳಲ್ಲಿ ಕಾಫಿ ಹೂ ಬಿಟ್ಟಿತ್ತು. ದೀಪ ಹಾಕುವಷ್ಟು ಇನ್ನೂ ಕತ್ತಲಾಗಿರಲಿಲ್ಲ. ಅವರ ಫೋನು ನನ್ನ ಕೈಯಲ್ಲಿತ್ತು. ಮೇಜಿನ ಮೇಲಿದ್ದ ಕಾಗದ ಫೋನಿನ ಆಚೆಗಿದ್ದ ಮೂವರಿಗೂ ಕಾಣುವ ಹಾಗೆ ಬಗ್ಗಿಸಿ ಹಿಡಿದಿದ್ದೆ. ಅವರ ಬಲಗೈಯ ಕಿರುಬೆರಳು ಕಾಗದದ ಮೇಲೆ ಊರಿಕೊಂಡಿತ್ತು. ಅವರು ಗೆರೆ ಎಳೆಯಲು ಸ್ಕೇಲ್ ಮುಟ್ಟಿದವರಲ್ಲ. ಆ ಬೆರಳು ಎಷ್ಟು ದೂರ ಜಾರುತ್ತದೋ ಅಷ್ಟು ದೂರ ಗೆರೆ ನೇರವಾಗಿ ಬರುತ್ತಿತ್ತು. ಆ ಸಂಜೆಯೂ ನೇರವಾಗಿಯೇ ಬಂತು.

ಹೀಗೆ ನಿಂತ ಜಾಗವನ್ನು ಮೊದಲು ಹೇಳಿ ಆಮೇಲೆ ಕಂಡದ್ದನ್ನು ಹೇಳುವುದು ಅವರಿಂದಲೇ ಬಂದ ಅಭ್ಯಾಸ.

ವಿರಾಜಪೇಟೆಯ ಹೈಸ್ಕೂಲಿನಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರಾಗಿದ್ದರು. ನಾನು ಅಲ್ಲಿನ ಪ್ರಾಥಮಿಕ ಶಾಲೆಗೆ ವರ್ಗವಾಗಿ ಬಂದು ಅವರ ಮನೆಯ ಹಿಂಬದಿಯ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿಯುವಷ್ಟರಲ್ಲಿ ಅವರಿಗೆ ನಿವೃತ್ತಿಯಾಗಿತ್ತು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ, ಸುತ್ತಲಿನ ಮಕ್ಕಳಿಗೆ ಬೇಸರ ಕಳೆಯಲೆಂದು ಫೋನಿನಲ್ಲಿ ಒಂದು ಗುಂಪು ಮಾಡಿ ದಿನಕ್ಕೊಂದು ಪಜಲ್ ಹಾಕತೊಡಗಿದರು. ಕಾಗದವನ್ನು ಎರಡು ಸಲ ಮಡಚಿ ಮೂಲೆ ಕತ್ತರಿಸಿದರೆ, ಬಿಚ್ಚಿದಾಗ ತೂತು ಎಲ್ಲೆಲ್ಲಿ ಬರುತ್ತದೆ? ದಾಳವನ್ನು ಹೀಗೆ ಉರುಳಿಸಿದರೆ ಕೆಳಗೆ ಯಾವ ಮುಖ ಹೋಗುತ್ತದೆ? ಮೂವರಲ್ಲಿ ಒಬ್ಬ ಮಾತ್ರ ನಿಜ ಹೇಳುವವನಾದರೆ ಯಾರನ್ನು ಏನು ಕೇಳಬೇಕು? ಶಾಲೆ ತೆರೆದ ಮೇಲೆ ಮಕ್ಕಳು ಹೋದರು. ದೊಡ್ಡವರು ಐದು ಜನ ಉಳಿದೆವು. ಸಂಜೆ ಎಲ್ಲರೂ ವಿಡಿಯೋ ಕಾಲಿನಲ್ಲಿ ಸೇರುತ್ತಿದ್ದೆವು.

ಅವರು, ನಾನು. ಮೂರನೆಯವರು ವಿರಾಜಪೇಟೆಯ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸಾಗಿದ್ದು, ನಿವೃತ್ತಿಯ ನಂತರ ಮಾಕುಟ್ಟದಾಚೆ ಕೇರಳದ ತಮ್ಮ ಊರಿಗೆ ಮರಳಿದ ಒಬ್ಬ ಮಲಯಾಳಿ ಹೆಂಗಸು. ನಾಲ್ಕನೆಯವರು ಹುದಿಕೇರಿಯ ತೋಟದ ಯಜಮಾನರು; ಮೇಷ್ಟ್ರ ಸಹಪಾಠಿ, ಒಂದು ಕಿವಿ ಮಂದವಾದ್ದರಿಂದ ಎಲ್ಲರೂ ಕಿವುಡರೆಂಬಂತೆ ಕೂಗಿ ಮಾತಾಡುತ್ತಿದ್ದರು. ಐದನೆಯವನು ನನ್ನ ಸೋದರಮಾವನ ಮಗ. ಕುಶಾಲನಗರದಲ್ಲಿ ಅವನ ಲೇತ್ ಅಂಗಡಿ ಇದೆ. ನಮ್ಮ ಅಜ್ಜಂದಿರು ಹಾಸನದ ಕಡೆಯಿಂದ ಅಲ್ಲಿಗೆ ಬಂದು ನೆಲೆಸಿದವರು.

ಮೇಷ್ಟ್ರ ಗುಂಪಿನಲ್ಲಿ ಉತ್ತರಕ್ಕೆ ಬೆಲೆ ಇರಲಿಲ್ಲ. ಯಾರಾದರೂ ಉತ್ತರ ಹೇಳಿದ ಕೂಡಲೇ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎಲ್ಲಿ ನಿಂತು ನೋಡಿದ್ದು? ಮೊದಲು ಅದು ಹೇಳಿ." ಪೆಟ್ಟಿಗೆಯ ಮೂಲೆಯಲ್ಲಿ ನಿಂತೆವೋ, ಮೇಲಿನಿಂದ ಬಗ್ಗಿದೆವೋ, ಒಳಗೆ ಹೊಕ್ಕೆವೋ, ಅದನ್ನು ಹೇಳಬೇಕು. ತಪ್ಪು ಉತ್ತರ ಹಾಕಿದವರು ಅದನ್ನು ಅಳಿಸುವಂತಿರಲಿಲ್ಲ. ಉಳಿದವರು ತಿದ್ದುವಂತೆಯೂ ಇರಲಿಲ್ಲ, ಕೇಳಬಹುದಿತ್ತು ಅಷ್ಟೆ.

ಒಮ್ಮೆ ಒಂದರ ಮೇಲೊಂದು ಪೇರಿಸಿದ ಘನಗಳ ಚಿತ್ರ ಬಂತು. ಎಷ್ಟು ಘನಗಳು ಎಂಬುದು ಪ್ರಶ್ನೆ. ನಾವೆಲ್ಲ ಆರು ಎಂದೆವು. ಕುಶಾಲನಗರದವನು ಏಳು ಎಂದ.

"ಲೇತ್ ಹತ್ರ ನಿಂತು ನಿಂತು ಕಣ್ಣು ತಿರುಗ್ತಾ ಉಂಟು ಇವನಿಗೆ!" ಹುದಿಕೇರಿಯವರು ಕೂಗಿದರು.

"ತಿರುಗ್ಲಿ ಬುಡಿ ಸಾ, ಏಳೇ ಅವೆ. ಬೇಕಾದ್ರೆ ನಮ್ ಬಾವುನ್ ಕೇಳಿ. ಲೋ ಬಾವ, ನೀನಾದ್ರೂ ಒಸಿ ನೋಡಪ್ಪ, ಮೇಷ್ಟ್ರು ಕೆಲ್ಸ ಮಾಡ್ತೀಯ."

ನನಗೂ ಆರೇ ಕಾಣುತ್ತಿತ್ತು. ಮೇಷ್ಟ್ರು ನಮ್ಮ ನಗು ನಿಲ್ಲುವವರೆಗೆ ಕಾದರು. "ಎಲ್ಲಿ ನಿಂತಿದ್ದೀಯ ಮಾರಾಯ?"

"ಕೆಳಗಡೆ ಸಾ. ಅಟ್ಟುದ್ ಕೆಳಗೆ ನಿಂತ್ಕಂಡು ತಲೆ ಎತ್ತಿ ನೋಡ್ದಂಗೆ."

ಅವರು ಕಾಗದ ಎತ್ತಿ ದಿಟ್ಟಿಸಿದರು. ಕಪ್ಪು ಬಳಿದಿದ್ದ ಮುಖಗಳನ್ನು ನಾವು ಘನಗಳ ಮೇಲ್ಭಾಗ ಎಂದುಕೊಂಡಿದ್ದೆವು. ಅವನಿಗೆ ಅವು ತಳಭಾಗವಾಗಿದ್ದವು. "ಅಲ್ಲಿ ನಿಂತ್ರೆ ಏಳೇ," ಎಂದರು ಮೇಷ್ಟ್ರು. "ಇವನದ್ದು ಸರಿ ಉಂಟು. ನಮ್ಮದೂ ಸರಿ ಉಂಟು." ಅದಾದ ಮೇಲೆ ತುಂಬ ಹೊತ್ತಿನವರೆಗೆ ನಾವು ಅದೇ ಚಿತ್ರವನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ನೋಡುತ್ತ ಕುಳಿತೆವು. ಹುದಿಕೇರಿಯವರಿಗೆ ಏಳು ಕಂಡಾಗ ಅವರು ಹಾಕಿದ ಕೇಕೆಗೆ ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಿದ್ದರು.

ಆ ಭಾನುವಾರಕ್ಕೆ ಬರುತ್ತೇನೆ. ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಮಾಕುಟ್ಟದ ಘಾಟಿ ಇಳಿದು ಕಣ್ಣೂರಿಗೆ ಒಂದು ಮದುವೆಗೆ ಹೊರಟಿದ್ದರು. ಕಾರನ್ನು ಅವರೇ ಓಡಿಸುವುದಿತ್ತು. ಮಧ್ಯಾಹ್ನ ಕಾರನ್ನು ಶೆಡ್ಡಿನಿಂದ ತೆಗೆಯುವಾಗ ಎಡಗಡೆಯ ಕನ್ನಡಿ ಕಂಬಕ್ಕೆ ತಾಗಿ ಮುರಿದಿತ್ತು. ಶೆಡ್ಡು ಸಣ್ಣದು, ಯಾರಿಗಾದರೂ ತಾಗುತ್ತದೆ ಎಂದುಕೊಂಡೆವು.

ಆ ಸಂಜೆಯ ಪಜಲ್ ನರ್ಸಮ್ಮ ಹಾಕಿದ್ದು. ಮೆಟ್ಟಿಲಿನಂತೆ ಎರಡೂ ಕಡೆ ಇಳಿಯುವ ಇಟ್ಟಿಗೆಗಳ ಒಂದು ರಾಶಿ. ಹಿಂದಿನಿಂದ ನೋಡಿದರೆ ಹೇಗಿರುತ್ತದೆ ಎಂದು ಬರೆಯಬೇಕು. ಮೇಷ್ಟ್ರು ನಡುವಿನ ಎತ್ತರದ ಇಟ್ಟಿಗೆಯಿಂದ ಶುರು ಮಾಡಿ ಬಲಗಡೆಯ ಮೆಟ್ಟಿಲುಗಳನ್ನು ಇಳಿಸಿದರು. ನೆರಳನ್ನೂ ಹಾಕಿದರು. ಆಮೇಲೆ ಪೆನ್ಸಿಲ್ ಕೆಳಗಿಟ್ಟು, "ಆಯ್ತು, ತೋರಿಸು," ಎಂದರು.

ಕಾಗದದ ಎಡ ಅರ್ಧ ಖಾಲಿಯಾಗಿತ್ತು. ನಾನು ಫೋನನ್ನು ಇನ್ನಷ್ಟು ಹತ್ತಿರ ಹಿಡಿದೆ.

"ಇದೇನ್ ಸಾ, ಆ ಕಡೆ ಇಟ್ಗೆ ಯಾರಾರ ಹೊತ್ಕಂಡ್ ಹೋದ್ರಾ?" ಎಂದ ಕುಶಾಲನಗರದವನು.

"ಎಲ್ಲಿ? ಪೂರ್ತಿ ಉಂಟಲ್ಲ."

ಅವನು ನಕ್ಕ. ನರ್ಸಮ್ಮ ನಗಲಿಲ್ಲ. ಪರದೆಯ ಮೇಲೆ ಅವರ ಮುಖ ದೊಡ್ಡದಾಯಿತು. ಫೋನಿನ ಹತ್ತಿರಕ್ಕೆ ಬಾಗಿದ್ದರು.

"ಮಾಷೇ, ಎಲ್ಲಿ ನಿಂತು ನೋಡಿದ್ದು?"

"ಹಿಂದೆ. ಸರಿಯಾಗಿ ನಡುವಿನಲ್ಲಿ."

"ನಿಮ್ಮ ಬಲಗಡೆ ಎಂತ ಉಂಟು?"

"ಮೆಟ್ಟಿಲು."

"ಎಡಗಡೆ?"

"ಎಂತದೂ ಇಲ್ಲ."

"ಪಜಲ್ ಬಿಡಿ ಮಾಷೇ. ಈಗ, ನೀವು ಕೂತಲ್ಲಿ, ಎಡಗಡೆ ಎಂತ ಉಂಟು?"

"ಎಂತದೂ ಇಲ್ಲ ಮಾರಾಯ್ತಿ, ಜಗಲಿ."

ಅವರ ಎಡಗಡೆ ಅವರ ಹೆಂಡತಿ ನಿಂತಿದ್ದರು. ಕೈಯಲ್ಲಿ ಕಾಫಿ ಲೋಟ ಇತ್ತು. ಅವರು ಬಂದು ನಿಂತು ಸ್ವಲ್ಪ ಹೊತ್ತಾಗಿತ್ತು. ಚಿತ್ರ ಮುಗಿಯಲಿ ಎಂದು ಕಾಯುತ್ತಿದ್ದರು. "ರೀ, ನಾನಿದ್ದೇನಲ್ಲ ಇಲ್ಲಿ," ಎಂದರು. ಮೇಷ್ಟ್ರು ದನಿ ಕೇಳಿ ತಲೆ ಎತ್ತಿದರು. ಎತ್ತಿ ಬಲಗಡೆಗೆ, ನನ್ನ ಕಡೆಗೆ ತಿರುಗಿ ಹುಡುಕಿದರು.

ಲೋಟ ಕೆಳಗೆ ಬೀಳಲಿಲ್ಲ. ಅವರು ಅದನ್ನು ಮೇಜಿನ ಮೇಲಿಟ್ಟು ಗಂಡನ ಹೆಗಲು ಹಿಡಿದುಕೊಂಡರು.

ನರ್ಸಮ್ಮ ಎರಡೂ ಕೈ ಎತ್ತಲು ಹೇಳಿದರು. ಎಡಗೈ ಮೇಲೆ ಹೋಯಿತು, ಆದರೆ ನಿಲ್ಲಲಿಲ್ಲ, ತಾನಾಗಿ ಇಳಿಯಿತು. ಸ್ಟ್ರೋಕ್ ಇರಬಹುದು, ಈಗಲೇ ಹೊರಡಬೇಕು, ಒಂದು ನಿಮಿಷವೂ ಕಾಯಬಾರದು ಎಂದು ಅವರು ನನಗೆ ಹೇಳಿದರು. ಹುದಿಕೇರಿಯವರು ಆಗಲೇ ಇನ್ನೊಂದು ಫೋನಿನಲ್ಲಿ ವಿರಾಜಪೇಟೆಯ ಪರಿಚಯದವರಿಗೆ ಜೀಪು ಕಳಿಸಲು ಕೂಗುತ್ತಿದ್ದರು. ಒಪ್ಪದಿದ್ದವರು ಮೇಷ್ಟ್ರು ಒಬ್ಬರೇ.

"ನನಗೆ ನೋವಿಲ್ಲ, ತಲೆ ಸುತ್ತಿಲ್ಲ. ಎಂತಕ್ಕೆ ಆಸ್ಪತ್ರೆ? ನಾಳೆ ಘಾಟಿ ಇಳಿಯೋನು ನಾನು, ಸುಮ್ಮನೆ ಇವಳನ್ನು ಹೆದರಿಸ್ಬೇಡಿ." ಅವರು ಏಳಲು ಹೊರಟರು. ಹೆಂಡತಿ ಬೇಡಿಕೊಂಡರು. ನಾನು ತೋಳು ಹಿಡಿದೆ, ಕೊಡವಿದರು. ಅಷ್ಟು ಒರಟಾಗಿ ಅವರು ಯಾರ ಕೈಯನ್ನೂ ಕೊಡವಿದ್ದನ್ನು ನಾನು ಕಂಡಿರಲಿಲ್ಲ.

"ಮಾಷ್‌ನ ಎಳೀಬೇಡಿ," ಎಂದರು ನರ್ಸಮ್ಮ. "ಅವರಿಗೆ ಹೇಳಿದ್ರೆ ಆಗೂದಿಲ್ಲ. ಆ ಕಾಗದ ತಿರುಗಿಸಿ ಇಡಿ, ತಲೆಕೆಳಗೆ."

ತಿರುಗಿಸಿಟ್ಟೆ. ಖಾಲಿಯಿದ್ದ ಅರ್ಧ ಈಗ ಅವರ ಬಲಕ್ಕೆ ಬಂತು. ಅವರು ನೋಡಿದರು.

"ಇದು ಯಾರು ಬರೆದದ್ದು? ಅರ್ಧ ಬಿಟ್ಟಿದ್ದಾರಲ್ಲ."

"ನೀವೇ ಸಾರ್," ಎಂದೆ.

ಅವರು ಕಾಗದವನ್ನು ಬಲಗೈಯಿಂದ ನಿಧಾನವಾಗಿ ಮೊದಲಿನ ಹಾಗೆ ತಿರುಗಿಸಿದರು. ಅವರ ಮುಖ ತಿಳಿಯಾಯಿತು, ಚಿತ್ರ ಪೂರ್ತಿ ಇದೆ ಎಂದುಕೊಂಡರೇನೋ. ಮತ್ತೆ ತಲೆಕೆಳಗು ಮಾಡಿದರು. ಮತ್ತೊಮ್ಮೆ ತಿರುಗಿಸಿದರು. ಕೊನೆಗೆ ಅವರು ಕಾಗದದಿಂದ ಕೈ ತೆಗೆದು ಬಲಗಡೆಯ ಜೇಬಿಗೆ ಹಾಕಿ, ಕಾರಿನ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು.

"ನಾನು ನಿಂತ ಜಾಗದಿಂದ ಕಾಣ್ತಾ ಇಲ್ಲ," ಎಂದರು. "ಹೋಗುವ."

ವಿರಾಜಪೇಟೆಯಿಂದ ಅವರನ್ನು ಮೈಸೂರಿಗೆ ಕಳಿಸಿದರು. ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಹೊತ್ತಿಗೆ ಬಂದಿದ್ದೀರಿ ಎಂದರು ಡಾಕ್ಟರು. ಕಣ್ಣು ಸರಿ ಇತ್ತು. ಎಡಗಡೆ ಎಂಬುದೊಂದು ಇದೆ ಎನ್ನುವುದನ್ನೇ ಮೆದುಳು ಬಿಟ್ಟುಬಿಟ್ಟಿತ್ತು. ಜೀವ ಉಳಿಯಿತು. ಕೈಗೆ ಬಲವೂ ಬಂತು. ಎಡಗಡೆ ಮಾತ್ರ ಪೂರ್ತಿ ಮರಳಿ ಬರಲಿಲ್ಲ. ತಟ್ಟೆಯ ಬಲಗಡೆಯ ಅನ್ನ ಮುಗಿಸಿ ಕೈ ತೊಳೆಯಲು ಏಳುತ್ತಿದ್ದರು; ಹೆಂಡತಿ ತಟ್ಟೆ ತಿರುಗಿಸಿದರೆ ಮತ್ತೆ ಕೂತು ಉಣ್ಣುತ್ತಿದ್ದರು.

ಸಂಜೆಯ ಕಾಲ್ ಮತ್ತೆ ಶುರುವಾಯಿತು, ಅವರದ್ದೇ ಹಟದಿಂದ. ಈಗ ಅವರು ಯಾವ ಚಿತ್ರವನ್ನಾದರೂ ಸುತ್ತ ತಿರುಗಿಸಿ ತಿರುಗಿಸಿ ನೋಡಿದ ಮೇಲೆಯೇ ಮಾತಾಡುತ್ತಿದ್ದರು. ನಿಧಾನವಾಗಿತ್ತು, ನಾವು ಕಾಯುತ್ತಿದ್ದೆವು. ಒಂದು ದಿನ ನಾನು ಅವರಿಗೆ ಅನುಕೂಲವಾಗಲೆಂದು ಚಿತ್ರವನ್ನೆಲ್ಲ ಕಾಗದದ ಬಲಕ್ಕೆ ಜರುಗಿಸಿ ಬರೆದಿದ್ದೆ. ಅವರು ಅದನ್ನು ಹಿಂದಕ್ಕೆ ತಳ್ಳಿದರು. "ಇಲ್ಲದ್ದನ್ನು ಹುಡುಕ್ಲಿಕ್ಕೆ ಬಿಡು. ನೀನು ಎಲ್ಲ ಈಚೆ ತಂದಿಟ್ರೆ ಆಚೆ ಒಂದು ಕಡೆ ಉಂಟು ಅನ್ನೋದೇ ನಂಗೆ ಮರೆತು ಹೋಗ್ತದೆ."

ಹೆಂಡತಿಯೂ ತಮ್ಮ ಕುರ್ಚಿಯನ್ನು ಬಲಗಡೆಗೆ ತಂದು ಹಾಕಿಕೊಂಡಿದ್ದರು. ಅದನ್ನೂ ಅವರು ಒಪ್ಪಲಿಲ್ಲ. "ಮೊದಲಿನ ಜಾಗದಲ್ಲೇ ಕೂತ್ಕೊ. ನಾನು ತಿರುಗ್ತೇನೆ." ಪಜಲ್ ನಡುವೆ ಆಗಾಗ ಅವರು ಪೆನ್ಸಿಲ್ ನಿಲ್ಲಿಸಿ, ತುಂಬ ಭಾರದ ಬಾಗಿಲು ನೂಕುವವರ ಹಾಗೆ ಕುತ್ತಿಗೆಯನ್ನು ಎಡಕ್ಕೆ ತಿರುಗಿಸುತ್ತಿದ್ದರು. ತಿರುಗುತ್ತ ತಿರುಗುತ್ತ ಹೆಂಡತಿ ಕಾಣಿಸಿದಾಗ, "ಹ್ಞಾ, ಇದ್ದೀಯ," ಎನ್ನುತ್ತಿದ್ದರು. "ಇದ್ದೇನೆ," ಎನ್ನುತ್ತಿದ್ದರು ಅವರು. ನಾನು ಪಕ್ಕದಲ್ಲಿ, ಉಳಿದವರು ಫೋನಿನಲ್ಲಿ ಇದ್ದೇವೆ ಎಂಬುದನ್ನು ಇಬ್ಬರೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ.

ಮುಂದಿನ ವರ್ಷದ ಮಳೆಗಾಲದಲ್ಲಿ, ಒಂದು ಬೆಳಿಗ್ಗೆ, ಎರಡನೆಯ ಸಲ ಸ್ಟ್ರೋಕ್ ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಆಗ ನಾನು ಶಾಲೆಯಲ್ಲಿದ್ದೆ, ಕಣ್ಣಾರೆ ಕಂಡಿಲ್ಲ. ಅದರ ಬಗ್ಗೆ ಹೇಳಲು ನನಗೆ ಹಕ್ಕಿಲ್ಲ.

ಕರ್ಮಾಂತರದ ಊಟದ ದಿನ ಮಡಿಕೇರಿಯಿಂದ ಬಂದಿದ್ದ ಅವರ ನೆಂಟರೊಬ್ಬರು, ಎಲ್ಲರಿಗೂ ಕೇಳುವಂತೆ, "ಮೊಬೈಲ್ ಹಿಡ್ಕೊಂಡು ಆ ಆಟ ಆಡಿ ಆಡಿಯೇ ತಲೆಯ ನರ ಹೋದದ್ದು. ಒಳ್ಳೆ ಮನುಷ್ಯನ್ನ ಆ ಗುಂಪು ತಿಂದು ಹಾಕಿತು," ಎಂದರು. ಅಲ್ಲಿದ್ದ ಕೆಲವರು ಹೌದೆಂದು ತಲೆಯಾಡಿಸಿದರು. ಬಡಿಸುತ್ತಿದ್ದ ಮೇಷ್ಟ್ರ ಹೆಂಡತಿ ಸೌಟು ಪಾತ್ರೆಯಲ್ಲಿಟ್ಟು, "ಆವತ್ತು ಸಂಜೆ ನೀವು ಎಲ್ಲಿ ಇದ್ರಿ ಭಾವ?" ಎಂದು ಕೇಳಿದರು.

ನೆಂಟರ ಆ ಮಾತು ಈಗಲೂ ಊರಲ್ಲಿ ಅಲ್ಲಲ್ಲಿ ಕೇಳಿಸುತ್ತದೆ. ಆದ್ದರಿಂದ ಬರೆದಿಟ್ಟಿದ್ದೇನೆ. ಆ ಗುಂಪು ಇಲ್ಲದಿದ್ದರೆ ಮರುದಿನ ಅವರು ಹೆಂಡತಿಯನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿಕೊಂಡು ಘಾಟಿ ಇಳಿಯುತ್ತಿದ್ದರು.

ಆ ಸಂಜೆ ನಡೆದದ್ದನ್ನು ಕಂಡವನು ನಾನೊಬ್ಬನೇ ಅಲ್ಲ. ಹುದಿಕೇರಿಯವರು ಕಂಡಿದ್ದರು, ಅವರು ಈಗಿಲ್ಲ. ನರ್ಸಮ್ಮ ಮಾಕುಟ್ಟದಾಚೆ ಮಗಳ ಮನೆಯಲ್ಲಿದ್ದಾರೆ, ನೆನಪು ಚೆನ್ನಾಗಿದೆ. ನನ್ನ ಮಾವನ ಮಗ ಕುಶಾಲನಗರದಲ್ಲಿದ್ದಾನೆ. ನಕ್ಕದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳುತ್ತಾನೆ. ಮತ್ತೆ ಮೇಷ್ಟ್ರ ಹೆಂಡತಿ. ಅವರು ಬಿಟ್ಟಂಗಾಲದಲ್ಲೇ ಇದ್ದಾರೆ.