ಅತ್ತಿಗೆಯ ಹೊಂಡ ಹುಳಿಯಾದ ಬೇಸಿಗೆ

ನಮ್ಮ ಕಡೆ ಗದ್ದೆ ನಾಟಿಯ ಮೊದಲ ಪೈರು ಊರುವುದಕ್ಕೆ ಕೈಗುಣ ಇರುವ ಹೆಂಗಸನ್ನೇ ಕರೆಯುತ್ತಾರೆ. ಹಳೇಬೀಡಿನ ಪಕ್ಕದ ನಮ್ಮೂರಲ್ಲಿ ಆ ಕರೆ ಬರುತ್ತಿದ್ದದ್ದು ನನ್ನ ಅಣ್ಣನ ಹೆಂಡತಿಗೆ. ಅತ್ತಿಗೆ ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆಯಿಂದ ಬಂದವಳು. ಅವಳು ನೆಟ್ಟ ನುಗ್ಗೆಕೊಂಬೆ ಚಿಗುರದೆ ಇದ್ದದ್ದಿಲ್ಲ, ಹೆಪ್ಪು ಹಾಕಿದ ಹಾಲು ಗಟ್ಟಿ ಮೊಸರಾಗದೆ ಇದ್ದದ್ದಿಲ್ಲ.

ಅವಳ ಕೂಸು ಹಲ್ಲು ಮೂಡುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಆ ವರ್ಷದಿಂದ ಯಾರೂ ಅವಳನ್ನು ನಾಟಿಗೆ ಕರೆಯಲಿಲ್ಲ. ಬಾಯಿಬಿಟ್ಟು ಏನೂ ಅನ್ನಲಿಲ್ಲ, ಅಂಥದ್ದರಲ್ಲಿ ನಮ್ಮ ಜನ ಬಲು ಜಾಣರು. ಬದುವಿನ ಮೇಲೆ ಕಂಡರೆ ಊಟ ಆಯ್ತಾ ಅಂತ ಕೇಳಿ, ಪೈರಿನ ಕಟ್ಟನ್ನು ಮಾತ್ರ ಇನ್ನೊಬ್ಬಳ ಕೈಗೆ ಕೊಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ತನ್ನ ಕೈಗುಣ ಕೆಟ್ಟಿತೆಂದು ಅತ್ತಿಗೆ ನಂಬಿಯೇ ಬಿಟ್ಟಳು. ಹಾಲಿಗೆ ಹೆಪ್ಪು ಹಾಕುವುದಕ್ಕೂ ಅವ್ವನನ್ನು ಕೂಗುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಮಾತು. ಅಣ್ಣ ಎಲ್ಲೋ ತರಬೇತಿಗೆ ಹೋಗಿ, ಕಪ್ಪೆಚಿಪ್ಪು ಸಾಕಿ ಮುತ್ತು ಬೆಳೆಯುವುದನ್ನು ಕಲಿತು ಬಂದ. ಗದ್ದೆ ಮೂಲೆಯ ಹೊಂಡಕ್ಕೆ ಅಡ್ಡಲಾಗಿ ಬಿದಿರ ಗಳ ಕಟ್ಟಿ, ಜೀವವಿದ್ದ ಚಿಪ್ಪುಗಳನ್ನು ಬಲೆಚೀಲಗಳಲ್ಲಿ ತುಂಬಿ ನೀರಿಗೆ ಇಳಿಬಿಟ್ಟ. ಇವನಿಗೆ ತೆಂಗಿನ ಚಿಪ್ಪು ಸಾಲದೆ ಹೋಯಿತೇನೋ ಎಂದು ಬಸ್‌ಸ್ಟಾಪಿನಲ್ಲಿ ಕೂತವರು ನಕ್ಕರು. ನಗುವವರಿಗೇನು, ಕೂತಲ್ಲೇ ಕೆಲಸ.

ಅಣ್ಣನಿಗೆ ಹಗರೆಯ ಹಾಲಿನ ಡೇರಿಯಲ್ಲಿ ಕೆಲಸವಿತ್ತು. ಹಾಗಾಗಿ ಹೊಂಡ ಅತ್ತಿಗೆಯ ಪಾಲಿಗೆ ಬಂತು. ನಾನು ಮುಟ್ಟಿದರೆ ಸಾಯುತ್ತವೆ ಎಂದು ಮೊದಮೊದಲು ಅವಳು ದಡದಲ್ಲೇ ನಿಲ್ಲುತ್ತಿದ್ದಳು. ಅಣ್ಣ ಗದರಿದ ಮೇಲೆ ನೀರಿಗಿಳಿದು, ಒಂದೊಂದೇ ಚೀಲ ಎತ್ತಿ ಪಾಚಿ ತೊಳೆಯತೊಡಗಿದಳು. ಚಿಪ್ಪುಗಳು ಸಾಯಲಿಲ್ಲ. ಅವಳ ಕೈ ತಾಕಿದರೆ ಪಟಕ್ಕನೆ ಬಾಯಿ ಮುಚ್ಚಿಕೊಳ್ಳುತ್ತಿದ್ದವು, ಬದುಕಿರುವುದಕ್ಕೆ ಅದೇ ಗುರುತು. ಅತ್ತಿಗೆ ಬೆಳಿಗ್ಗೆ ತಾನಾಗಿ ಏಳತೊಡಗಿದಳು, ತಲೆ ಬಾಚಿಕೊಂಡಳು. ಒಂದು ಸಂಜೆ ಯಾರನ್ನೂ ಕೂಗದೆ ತಾನೇ ಹೆಪ್ಪು ಹಾಕಿದಳು. ಅವ್ವ ಒಲೆಯ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುತ್ತು ಬರಲಿ ಬಿಡಲಿ, ಆ ಚಿಪ್ಪುಗಳು ಮಾತ್ರ ಉಳಿಯಲಿ ಎಂದು ನಾನು ಮಾಲೇಕಲ್ಲಿನ ವೆಂಕಟರಮಣನಿಗೆ ಹರಕೆ ಹೊತ್ತೆ.

ಮರುವರ್ಷದ ಬೇಸಿಗೆ ಕೆಟ್ಟದಾಗಿತ್ತು. ಹೊಂಡದ ನೀರು ಮಧ್ಯಾಹ್ನದ ಹೊತ್ತಿಗೆ ಕೂಸಿಗೆ ಎರೆಯುವಷ್ಟು ಬೆಚ್ಚಗಾಗುತ್ತಿತ್ತು. ಅಲ್ಲೊಂದು ಇಲ್ಲೊಂದು ಚಿಪ್ಪು ಬಾಯಿ ತೆರೆದು ನಿಂತಾಗ ಅತ್ತಿಗೆಯ ಎದೆ ಒಡೆಯಿತು. ಅವಳ ತವರಿನಲ್ಲಿ ಬೇಸಿಗೆ ಬಂತೆಂದರೆ ಕಾಯಿ ಸುಲಿದ ಮಟ್ಟೆಯನ್ನು ತೆಂಗಿನ ಬುಡಕ್ಕೆ ಒತ್ತಾಗಿ ಹಾಕುತ್ತಾರೆ, ಬೇರು ತಂಪಾಗಿರುತ್ತದೆ. ಅವಳಿಗೆ ಗೊತ್ತಿದ್ದ ತಂಪು ಅದೊಂದೇ. ಹಿತ್ತಲಿನ ರಾಶಿಯಿಂದ ಬುಟ್ಟಿ ಬುಟ್ಟಿ ಮಟ್ಟೆ ಹೊತ್ತು ನೀರಿನ ಮೇಲೆಲ್ಲ ಹಾಸಿದಳು. ಒಳ್ಳೆ ಉಪಾಯ ಅಂದಳು ಅವ್ವ. ನೀರು ನಿಜವಾಗಿಯೂ ತಣ್ಣಗಾಯಿತು.

ಬರಬರುತ್ತಾ ನೀರು ಚಹಾದ ಬಣ್ಣಕ್ಕೆ ತಿರುಗಿತು. ಚಿಪ್ಪಿನ ಹೊರಮೈ ಸುಣ್ಣದ ಗೋಡೆಯ ಹಾಗೆ ಉದುರತೊಡಗಿತು, ಅಂಚು ಉಗುರು ತಾಗಿದರೆ ಮುರಿಯುತ್ತಿತ್ತು. ಒಂದು ಬೆಳಿಗ್ಗೆ ಅತ್ತಿಗೆ ಚೀಲ ಎತ್ತಿದರೆ ಎಲ್ಲವೂ ಬಾಯಿ ತೆರೆದಿದ್ದವು. ಅವಳು ಬೆರಳಿನಿಂದ ಒಂದೊಂದನ್ನೇ ತಟ್ಟಿ ನೋಡಿದಳು. ಒಂದೂ ಮುಚ್ಚಿಕೊಳ್ಳಲಿಲ್ಲ.

ಮೀನುಗಾರಿಕೆ ಗೊತ್ತಿದ್ದ ಒಬ್ಬ ಸಾಹೇಬರನ್ನು ಅಣ್ಣ ಬೇಲೂರಿನಿಂದ ಕರೆತಂದ. ಅವರು ನೀರಿನಲ್ಲಿ ಒಂದು ಬಣ್ಣದ ಕಾಗದ ಅದ್ದಿ ನೋಡಿದರು. ಬಿಸಿಲಿಗೆ ಮೊದಲೇ ಸೊರಗಿದ್ದ ಜೀವಗಳು; ಮಟ್ಟೆ ಕೊಳೆತು ನೀರೆಲ್ಲ ಹುಳಿಯಾಗಿದೆ, ಆ ಹುಳಿಗೆ ಚಿಪ್ಪು ಕರಗಿದೆ ಎಂದರು. ಇದನ್ನು ಹಾಕಿದವರು ಯಾರು ಎಂದೂ ಕೇಳಿದರು. ಕೇಳದೆ ಹೋಗಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ನಾನೇ ಹಾಕಿದ್ದು ಅಂದ ಅಣ್ಣ.

"ಇಲ್ಲ ಸಾ, ನಾ ಹಾಕಿದ್ದು," ಅಂದಳು ಅತ್ತಿಗೆ.

ಅಣ್ಣ ಹೊಂಡ ಮುಚ್ಚಿಸಿದ. ಬಿಸಿಲೇ ಅವನ್ನು ಕೊಲ್ಲುತ್ತಿತ್ತು, ಮಟ್ಟೆ ನೆಪ ಅಷ್ಟೇ ಎಂದು ಮನೆಯವರೆಲ್ಲ ಸೇರಿ ಎಷ್ಟೋ ಸಲ ಹೇಳಿದೆವು. ಅವಳು ಹೂಂಗುಟ್ಟುತ್ತಿದ್ದಳು. ಆಮೇಲೆ ಒಂದು ಬೀಜವನ್ನೂ ಊರಲಿಲ್ಲ, ಯಾರ ಮಗುವನ್ನೂ ಎತ್ತಿಕೊಳ್ಳಲಿಲ್ಲ. ನನ್ನ ಮಗಳು ಹುಟ್ಟಿದಾಗ ಬಾಗಿಲಲ್ಲೇ ನಿಂತು ನೋಡಿ ಹೋದಳು. ಆ ವೆಂಕಟರಮಣನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಎಷ್ಟೋ ವರ್ಷದ ಮೇಲೆ ಪೇಪರಿನಲ್ಲಿ ಒಂದು ಬರಹ ಕಣ್ಣಿಗೆ ಬಿತ್ತು. ಸಮುದ್ರವೇ ಬಿಸಿಯಾಗುತ್ತಿದೆಯಂತೆ, ನಾವು ಬಿಡುವ ಹೊಗೆಯನ್ನು ಕುಡಿದು ಹುಳಿಯಾಗುತ್ತಿದೆಯಂತೆ. ಅಲ್ಲಿ ಸಾಕುವ ಚಿಪ್ಪುಗಳ ಮರಿಗಳಿಗೆ ಮೈಮೇಲೆ ಚಿಪ್ಪು ಕಟ್ಟಿಕೊಳ್ಳುವುದೇ ಕಷ್ಟವಾಗಿದೆಯಂತೆ. ಅಷ್ಟು ಕೆಟ್ಟ ಸುದ್ದಿ ಓದಿ ನನಗೆ ಸಂತೋಷವಾಯಿತು. ಅತ್ತಿಗೆಗೆ ಹೇಳಲು ಕೊನೆಗೂ ಒಂದು ಮಾತು ಸಿಕ್ಕಿತಲ್ಲ ಎಂದು ಆ ಭಾನುವಾರವೇ ಹಳೇಬೀಡಿನ ಬಸ್ಸು ಹತ್ತಿದೆ.

ಅವಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪೂರ್ತಿ ಓದಿ ಹೇಳಿದೆ. ಕೇಳಿಸಿಕೊಂಡು, ಅಷ್ಟು ದೊಡ್ಡ ಸಮುದ್ರಕ್ಕೆ ಹುಳಿ ಹಾಕಿದವರು ಯಾರು ಎಂದಳು. ಎಲ್ಲರೂ ಸೇರಿಯೇ ಅತ್ತಿಗೆ, ಬಸ್ಸು, ಲಾರಿ, ಕಾರ್ಖಾನೆ, ನಾವೂ ಸೇರಿದ್ದೇವೆ ಎಂದೆ.

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಎಲ್ಲಾರೂ ಸೇರಿ ಮಾಡಿದ್ರೆ ಒಬ್ಬೊಬ್ರಿಗೆ ಎಷ್ಟು ಪಾಲು ಬತ್ತೈತೆ ಹೇಳು. ನಂದು ಹಂಗಲ್ಲ ಕಣವ್ವ. ಮಟ್ಟೆ ಹೊತ್ತೋಳೂ ನಾನೊಬ್ಳೆ, ಕೂಸಿಗೆ ಹಾಲು ಕೊಟ್ಟೋಳೂ ನಾನೊಬ್ಳೆ."