ಬೇರೆಯವರು ಬಿಟ್ಟ ಬ್ಯಾಟರಿ

ಕಾಪುವಿನಿಂದ ಶಿರ್ವದವರೆಗೆ ಯಾರ ಕಾರು ಸ್ಟಾರ್ಟ್ ಆಗದಿದ್ದರೂ ಮೊದಲು ನೆನಪಾಗುವುದು ನನ್ನ ಗಂಡ ಶೇಖರ. ಮೂವತ್ತೊಂದು ವರ್ಷಗಳಿಂದ ಇವರದು ಬ್ಯಾಟರಿ ಕೆಲಸ. ಊಟಕ್ಕೆ ಕುಳಿತಿದ್ದರೂ ಕೈ ತೊಳೆದು ಹೊರಡುವ ಜನ. ನನಗೆ ಜ್ವರ ಬಂದಾಗ ಮಾತ್ರೆ ತರಲು ಹೋದವರು ದಾರಿಯಲ್ಲಿ ಯಾರದೋ ಗಾಡಿ ಕಂಡು, ಮೂರು ಗಂಟೆ ಕಳೆದು, ಮಾತ್ರೆ ಮರೆತು ಬಂದದ್ದೂ ಉಂಟು. ಊರಿನವರಿಗೆ ಇವರು ದೇವರಂಥ ಮನುಷ್ಯ. ದೇವರ ಜೊತೆ ಸಂಸಾರ ಮಾಡುವ ಕಷ್ಟ ಊರಿನವರಿಗೇನು ಗೊತ್ತು!

ಗಲ್ಫಿಗೆ ಹೋಗುವವರು ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿ ಕೀಲಿಯನ್ನು ಇವರ ಕೈಗೆ ಕೊಟ್ಟು ಹೋಗುತ್ತಾರೆ. ಹೆಚ್ಚು ದಿನ ನಿಲ್ಲುವ ಕಾರಿನ ಬ್ಯಾಟರಿ ಇಳಿಯದಿರಲೆಂದು ಅದರ ಮೈನಸ್ ವಯರನ್ನು ಇವರು ಬಿಚ್ಚಿಡುತ್ತಾರೆ. ಉಳಿದವನ್ನು ವಾರಕ್ಕೊಮ್ಮೆ ಓಡಿಸಿ ಬರುತ್ತಾರೆ. "ಬೆಳಿಗ್ಗೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಎಂತ ಪ್ರಯೋಜನ ಮಾರಾಯ್ರೆ? ಸ್ಟಾರ್ಟ್ ಮಾಡಲಿಕ್ಕೆ ಹೋದ ಚಾರ್ಜ್ ಸಹ ವಾಪಸ್ ಬರುವುದಿಲ್ಲ. ಅರ್ಧ ಗಂಟೆಯಾದರೂ ಓಡಿಸಬೇಕು" ಎಂದು ಸಿಕ್ಕವರಿಗೆಲ್ಲ ಹೇಳುತ್ತಾರೆ. ಆಯುಧಪೂಜೆಯ ಮರುದಿನವಂತೂ ಇವರು ಮನೆಯಲ್ಲಿ ಇರುವುದೇ ಇಲ್ಲ. ಪೂಜೆಯೆಂದು ಎಲ್ಲರೂ ಕಾರಿನ ಬಾಗಿಲು ತೆರೆದು, ಲೈಟು ಉರಿಸಿ, ಹಾಡು ಹಾಕಿ ಬ್ಯಾಟರಿ ಖಾಲಿ ಮಾಡಿರುತ್ತಾರೆ.

ಆದರೆ ಇವರ ಸ್ವಂತ ಓಮ್ನಿಯಲ್ಲಿ ಇದ್ದದ್ದು ಬೇರೆಯವರು ಬಿಟ್ಟ ಬ್ಯಾಟರಿ. ಗಿರಾಕಿಗಳ ಗಾಡಿಗೆ ಹೊಸತು ಹಾಕಿ, ತೆಗೆದ ಹಳತನ್ನು ತಮ್ಮದಕ್ಕೆ ಹಾಕಿಕೊಳ್ಳುತ್ತಿದ್ದರು. ನಮ್ಮ ಅಂಗಳ ಇಳಿಜಾರು. ಸೆಲ್ಫ್ ಹೊಡೆಯದಿದ್ದರೂ ಗಾಡಿ ಕೆಳಗೆ ಉರುಳಿ ಸ್ಟಾರ್ಟ್ ಆಗುತ್ತಿತ್ತು. "ಒಂದು ಹೊಸತು ಹಾಕಿ" ಎಂದು ನಾನು ಹೇಳಿ ಹೇಳಿ ಸಾಕಾಗಿದ್ದೆ. "ನಾನಿರುವಾಗ ನನ್ನ ಗಾಡಿ ನಿಲ್ಲುತ್ತದಾ ಮೋಹಿನಿ?" ಎಂದು ನಗುತ್ತಿದ್ದರು.

ಕಳೆದ ವರ್ಷ ಜುಲೈಯಲ್ಲಿ, ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಕಾರ್ಕಳದಿಂದ ಯಶ್ಮಿತಾ ಫೋನ್ ಮಾಡಿದಳು. ಅವಳು ಇವರ ಅಣ್ಣ ಚಂದುವಿನ ಮಗಳು. ಈಗ ಚಂದಣ್ಣ ಇರುವ ಕಾರ್ಕಳದ ತರವಾಡು, ಅಂದರೆ ಹಿರಿಯರ ಮನೆ, ಪಾಲಾಗುವಾಗ ಅಣ್ಣ ತಮ್ಮಂದಿರು ಬಾವಿಗಾಗಿ ಜಗಳವಾಡಿ ಹನ್ನೆರಡು ವರ್ಷ ಮಾತು ಬಿಟ್ಟಿದ್ದರು. "ಆ ಬಾವಿಯ ನೀರು ಇನ್ನು ಮುಟ್ಟುವುದಿಲ್ಲ" ಎಂದು ಎದ್ದು ಬಂದವರು ಇವರು. ಹೌದೆಂದು ಇವರ ಹಿಂದೆಯೇ ಎದ್ದು ಬಂದವಳು ನಾನು.

"ಚಿಕ್ಕಪ್ಪ, ಮಣಿಪಾಲದಿಂದ ಅಪ್ಪನನ್ನು ಮನೆಗೆ ತಂದಿದ್ದೇವೆ. ಇವತ್ತು ಸಂಜೆ ದಾಟುವುದಿಲ್ಲವಂತೆ. ನಿಮ್ಮ ಹೆಸರನ್ನೇ ಹೇಳ್ತಾ ಇದ್ದಾರೆ. ಬಾಯಿಗೆ ನೀರು ಬಿಡಲಿಕ್ಕಾದರೂ ಬನ್ನಿ" ಎಂದಳು ಯಶ್ಮಿತಾ.

ಇವರು ಅಂಗಿ ಹಾಕಿಕೊಂಡು ಹೊರಟರು. ನಾನು ಹೋಗಲಿಲ್ಲ. ನನ್ನ ಕೋಪ ಇನ್ನೂ ಇಳಿದಿರಲಿಲ್ಲ. ಅದನ್ನು ನೆನೆದರೆ ಈಗ ನನಗೇ ಅಸಹ್ಯವಾಗುತ್ತದೆ.

ಬೆಳ್ಮಣ್ಣು ದಾಟಿದ ಮೇಲೆ, ಸಮತಟ್ಟಾದ ಒಂದು ಕಡೆ, ಬಾನೆಟ್ ಎತ್ತಿದ ಕಾರೊಂದು ಮಳೆಯಲ್ಲಿ ನಿಂತಿತ್ತಂತೆ. ಡೀನ್ ಎಂಬವನು ತಾಯಿಯನ್ನು ಕರೆದುಕೊಂಡು ಮದುವೆಗೆ ಹೊರಟವನು, ಮಳೆಗೆಂದು ಹಾಕಿದ ಹೆಡ್‌ಲೈಟ್ ಆರಿಸದೆ ನಿಲ್ಲಿಸಿ, ಹತ್ತಿರದ ಸಂಬಂಧಿಕರ ಮನೆಯಲ್ಲಿ ಗಂಟೆಗಟ್ಟಲೆ ಮಾತಾಡಿ ಬಂದಿದ್ದ. ಇವರು ನಿಲ್ಲಿಸಿದರು. ಓಮ್ನಿಯನ್ನು ಅದರ ಮುಖಕ್ಕೆ ತಂದು ನಮ್ಮ ಬ್ಯಾಟರಿಯಿಂದ ಅದರ ಬ್ಯಾಟರಿಗೆ ಕೇಬಲ್ ಕೊಟ್ಟರು. ಹಾಗೆ ಕೊಡುವಾಗ ನಮ್ಮ ಇಂಜಿನ್ ಓಡುತ್ತಲೇ ಇರಬೇಕು ಎಂಬುದು ಇವರೇ ಊರಿಗೆಲ್ಲ ಕಲಿಸಿದ ಪಾಠ. ಅವತ್ತು ಇವರೇ ಆಫ್ ಮಾಡಿ ಇಳಿದಿದ್ದರು. ಡೀನ್ ಐದಾರು ಸಲ ಸೆಲ್ಫ್ ಹೊಡೆದ. ಕಾರು ಸ್ಟಾರ್ಟ್ ಆಯಿತು. ಕೈ ಮುಗಿದು, ಊಟಕ್ಕೆ ತಡವಾಯಿತೆಂದು ಹೊರಟೇ ಹೋದ. ಆಮೇಲೆ ಇವರು ಕೀಲಿ ತಿರುಗಿಸಿದರೆ ಓಮ್ನಿ ಟಕ್ ಟಕ್ ಎಂದಿತು, ಅಷ್ಟೇ.

ಅರವತ್ತೆರಡರ ಮನುಷ್ಯ ಒಬ್ಬರೇ ಮಳೆಯ ಕೆಸರಿನಲ್ಲಿ ಗಾಡಿ ದೂಡಿದರೆ ಅದು ಅಲ್ಲಾಡುತ್ತದೆಯೇ? ಕೊನೆಗೆ ಒಂದು ಟೆಂಪೋದವರು ದೂಡಿಕೊಟ್ಟರಂತೆ. ಕಾರ್ಕಳ ಮುಟ್ಟುವಾಗ ಒಂದು ಗಂಟೆ. ಚಂದಣ್ಣ ಹೋಗಿ ಕಾಲು ಗಂಟೆಯಾಗಿತ್ತು. ನೀರನ್ನು ಯಶ್ಮಿತಾಳೇ ಬಿಟ್ಟಿದ್ದಳು.

ಅಂದು ರಾತ್ರಿ ಇವರು ಮನೆಗೆ ಬಂದು ಹೇಳಿದ ಕಥೆ ಕೇಳಿ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಆ ದಾರಿಯಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಉಂಟಲ್ಲ? ಹೋಗುವ ಮನಸ್ಸಿದ್ದವರು ಬಸ್ಸು ಹತ್ತುತ್ತಾರೆ" ಎಂದೆ.

"ಗಾಡಿ ಬಿಟ್ಟು ಹೇಗೆ ಹೋಗುವುದು?" ಎಂದರು. ಆಮೇಲೆ ಗೋಡೆಗೆ ಹೇಳುವವರಂತೆ, "ನಾಲ್ಕು ಬಸ್ಸು ಹೋಯಿತು. ಅವನ ಮುಖ ನೋಡಲಿಕ್ಕೆ ಹೆದರಿಕೆಯಾಯಿತು ಮಾರಾಯ್ತಿ" ಎಂದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಇವರು ಅತ್ತದ್ದನ್ನು ನಾನು ನೋಡಿದ್ದು ಅಂದೇ.

ಹದಿಮೂರು ದಿನ ಕಳೆದ ಮೇಲೆ ಓಮ್ನಿಗೆ ಹೊಸ ಬ್ಯಾಟರಿ ಬಂತು. ಈಗ ಅಂಗಳದಲ್ಲಿ ಉರುಳಿಸಬೇಕಾಗಿಲ್ಲ. ಕೀಲಿ ಮುಟ್ಟಿದರೆ ಸಾಕು. ಆದರೂ ಭಾನುವಾರವಾದರೆ, "ಸ್ವಲ್ಪ ಓಡಿಸಿ ಬರುತ್ತೇನೆ, ಚಾರ್ಜ್ ಆಗಬೇಕಲ್ವಾ" ಎಂದು ಹೊರಡುತ್ತಾರೆ. ದಿನಾ ಹತ್ತು ಕಡೆ ಓಡುವ ಗಾಡಿಗೆ ಎಂತ ಚಾರ್ಜ್? ಕಳೆದ ಭಾನುವಾರ ಕೇಳದೆಯೇ ನಾನೂ ಹತ್ತಿ ಕುಳಿತೆ.

ಶಿರ್ವ, ಬೆಳ್ಮಣ್ಣು, ನಿಟ್ಟೆ. ಕಾರ್ಕಳದಲ್ಲಿ ಚಂದಣ್ಣನ ಮನೆಯ ಗೇಟಿನ ಮುಂದೆ ನಿಲ್ಲಿಸಿದರು. ಇಂಜಿನ್ ಆಫ್ ಮಾಡಲಿಲ್ಲ.

ಯಶ್ಮಿತಾ ಜಗಲಿಗೆ ಬಂದಳು. "ಚಿಕ್ಕಪ್ಪ, ಪ್ರತಿ ವಾರ ಗೇಟಿನಿಂದಲೇ ಹೋಗ್ತೀರಿ. ಇವತ್ತು ಚಿಕ್ಕಮ್ಮ ಸಹ ಬಂದಿದ್ದಾರೆ. ಒಳಗೆ ಬನ್ನಿ."

"ಇಲ್ಲ ಮಗಾ, ಗಾಡಿ ಆಫ್ ಮಾಡಲಿಕ್ಕಿಲ್ಲ" ಎಂದರು.

ಅವಳು ಒಳಗೆ ಹೋಗಿ, ಬಂದವರಿಗೆ ಕೊಡುವ ಹಾಗೆ, ಒಂದು ಚೆಂಬು ನೀರು ಮತ್ತು ಬೆಲ್ಲ ತಂದು ಕಿಟಕಿಯಿಂದ ಕೊಟ್ಟಳು. ಅದೇ ಬಾವಿಯ ನೀರು. ಇವರು ಚೆಂಬನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಾ ಕುಳಿತರು. ಬಾಯಿಗೆ ಎತ್ತಲಾಗಲಿಲ್ಲ. ಕೊನೆಗೆ ನನ್ನ ಕೈಗೆ ಕೊಟ್ಟರು.

ನಾನು ಒಂದು ತೊಟ್ಟೂ ಉಳಿಸದೆ ಕುಡಿದೆ. ಖಾಲಿ ಚೆಂಬನ್ನು ಯಶ್ಮಿತಾಳಿಗೆ ಕೊಟ್ಟೆ. ಇವರು ಗೇರ್ ಹಾಕಿದರು.