ಕೆರೆ ಏರಿಯ ಮೇಲೆ ಸ್ಟ್ಯಾಂಡ್ ಹಾಕಿದ ಸೈಕಲ್

‘ಯಾವ ಕೆಲ್ಸಕ್ಕೋಗಿದ್ದೆ ತಾಯಿ?’ ರಾಜಾನುಕುಂಟೆಯಾಚೆ, ಕೆರೆ ಏರಿಯ ಮಣ್ಣುದಾರಿಯಲ್ಲಿ ತಾತ ಒಬ್ಬರು ನನ್ನ ಸೈಕಲ್ ನಿಲ್ಲಿಸಿ ಕೇಳಿದರು. ಕೆಲಸವೇನಿಲ್ಲ, ಮೂರು ದಿನ ಹಳ್ಳಿದಾರಿಗಳಲ್ಲಿ ಸುಮ್ಮನೆ ಸುತ್ತಿ ಯಲಹಂಕದ ಮನೆಗೆ ಮರಳುತ್ತಿದ್ದೇನೆ ಎಂದೆ. ಅವರ ಕೈ ಮೆಲ್ಲಗೆ ಹ್ಯಾಂಡಲ್ ಮೇಲೆ ಬಂತು.

‘ಮೂವತ್ತು ವರ್ಸ ಇದೇ ಏರಿ ಮೇಲೆ ಯಲಹಂಕಕ್ಕೆ ಸೈಕಲ್‌ನಲ್ಲಿ ಹಾಲು ತಗಂಡೋಗಿದೀನಿ. ಒಂದಿನಾನೂ ಇಳ್ದು ನೀರು ನೋಡ್ಲಿಲ್ಲ. ತಡ ಆದ್ರೆ ಹಾಲು ಒಡೀತಿತ್ತು.’

ಸೈಕಲ್ ಕೇಳಿ ಪಡೆದು ಹತ್ತಿದರು. ಹತ್ತು ಮಾರು ತುಳಿದು, ಏರಿ ನಡುವೆ ಇಳಿದು, ಸ್ಟ್ಯಾಂಡ್ ಹಾಕಿ, ನೀರಿನ ಕಡೆ ಮುಖ ಮಾಡಿ ನಿಂತುಬಿಟ್ಟರು.

ನನ್ನ ಆಫೀಸಿನ ಬಸ್ಸು ದಿನವೂ ಹೆಬ್ಬಾಳ ಕೆರೆಯ ಪಕ್ಕದಲ್ಲೇ ಹೋಗುತ್ತದೆ. ನೀರು ಮರೆಯಾಗುವವರೆಗೂ ಕಿಟಕಿಗೆ ಮುಖ ಹಚ್ಚಿರುತ್ತೇನೆ. ನನ್ನ ಬಳಿ ಒಡೆಯುವ ಹಾಲೇನಿಲ್ಲ. ಆದರೂ ಇಳಿದಿಲ್ಲ.